ಒಂದೇ ದಂಡೆಯ ಗೋಡೆ

ಕೆಂಗೇರಿ, ಹೊಳೆಯ ಈಚೆ
14 ಜೂನ್ 2025

ರಾಮಯ್ಯಣ್ಣನಿಗೆ,

ಮೊನ್ನೆ ಹೊಳೆದಂಡೆಯಲ್ಲಿ, ಅಳತೆಯವರ ಎದುರಿಗೇ, ನೀನು "ಇನ್ಮೇಲೆ ನಂಗೆ ಫೋನ್ ಮಾಡ್ಬೇಡ" ಅಂದೆ. ಮಾಡುವುದಿಲ್ಲ. ಕಾಗದ ಬರೆಯಬೇಡ ಅಂತ ನೀನು ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮನೆ ಮಹಡಿಯಲ್ಲಿ ನಿಂತರೆ ನನ್ನ ದನದ ಕೊಟ್ಟಿಗೆ ಕಾಣುತ್ತದೆ, ಅತ್ತಿಗೆ ಬಟ್ಟೆ ಒಣಹಾಕುವುದು ನನಗೆ ಇಲ್ಲಿಂದ ಕಾಣುತ್ತದೆ. ಆದರೂ ಈ ಕಾಗದ ಅಂಚೆ ಕಚೇರಿಗೆ ಹೋಗಿ, ಎಲ್ಲೆಲ್ಲೋ ಸುತ್ತಿ, ಹೊಳೆ ದಾಟಿ ನಿನ್ನ ಕೈಗೆ ಬರಬೇಕು. ಇರಲಿ, ಇದೂ ಒಂದು ಆಗಿಹೋಗಲಿ.

ಅವತ್ತು ನಾಲ್ಕು ಜನ ಒಟ್ಟಿಗೆ ಬಾಯಿ ಹಾಕಿ ನನ್ನ ಮಾತು ಮುಗಿಸಲು ಬಿಡಲಿಲ್ಲ. ಈಗ ಮುಗಿಸುತ್ತೇನೆ. ನಿಮ್ಮ ದಂಡೆಯ ಉದ್ದಕ್ಕೂ ಆಳೆತ್ತರದ ಕಾಂಕ್ರೀಟ್ ಗೋಡೆ ಏಳುತ್ತಿದೆ. ಪ್ರವಾಹ ತಡೆಯುವ ಗೋಡೆ ಅಂತ ಬೋರ್ಡು ಬೇರೆ. ನಮ್ಮ ದಂಡೆಗೆ ಒಂದು ಕಲ್ಲೂ ಇಲ್ಲ. ಇಷ್ಟು ದಿನ ಹೊಳೆ ತುಂಬಿದರೆ ಎರಡೂ ಕಡೆ ಹರಡಿಕೊಂಡು ನಿನ್ನ ಮನೆಗೂ ಮೊಣಕಾಲುದ್ದ, ನನ್ನ ಮನೆಗೂ ಮೊಣಕಾಲುದ್ದ ಬರುತ್ತಿತ್ತು. ಇನ್ನು ನಿಮ್ಮ ಪಾಲಿನ ನೀರೂ ನಮ್ಮ ಕಡೆಗೇ ತಿರುಗುತ್ತದೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾ? ತಟ್ಟೆಯನ್ನು ಒಂದು ಕಡೆ ಎತ್ತಿದರೆ ಸಾರು ಯಾವ ಕಡೆ ಹೋಗುತ್ತದೆ ಅಂತ ಅಂಗನವಾಡಿ ಮಗುವಿಗೂ ಗೊತ್ತು.

ನಿನ್ನ ಭಾವನ ಸ್ಥಿತಿ ನಿನಗೆ ಗೊತ್ತು. ಲಕ್ವ ಹೊಡೆದ ಮೇಲೆ ಅವರು ಎದ್ದು ನಿಂತಿಲ್ಲ. ಹೋದ ಅಕ್ಟೋಬರಿನಲ್ಲಿ ನೀರು ಮಂಚದ ಕಾಲಿಗೆ ಬಂದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಬೀದಿಯ ಹುಡುಗರು ಹೆಗಲ ಮೇಲೆ ಹೊತ್ತು ಶಾಲೆಗೆ ಸೇರಿಸಿದರು. ಕುರ್ಚಿಯ ಮೇಲೆ ಕೂತು ಅವರು ನಾಚಿಕೆಯಿಂದ ಅಳುತ್ತಿದ್ದರು. ಇನ್ನು ನೀರು ಇದರ ಎರಡರಷ್ಟು ಬಂದರೆ, ಅದೂ ಆ ಹುಡುಗರೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಂದರೆ, ನಾನೊಬ್ಬಳೇ ಅವರನ್ನು ಏನು ಮಾಡಲಿ?

ನಾನು ಕೇಳುವುದು ಒಂದೇ. ನಿಮ್ಮ ದಂಡೆಯಲ್ಲಿ ಹುಣಸೆಮರದ ಹತ್ತಿರ ಅಪ್ಪನ ತುಂಡು ಜಾಗ ಇದೆಯಲ್ಲ, ಹೊಳೆಯಂಚಿನದು ಅಂತ ಭಾಗದ ಕಾಲದಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ್ದು, ಗೋಡೆ ಅಲ್ಲಿಗೆ ಬಂದು ನಿಂತಿದೆ. ಅದು ಸಿಗದೆ ಗೋಡೆ ಕೂಡುವುದಿಲ್ಲ. ಪಹಣಿಯಲ್ಲಿ ನಿನ್ನ ಹೆಸರಿನ ಜೊತೆ ನನ್ನ ಹೆಸರೂ ಇದೆ, ಇಬ್ಬರ ಒಪ್ಪಿಗೆಯೂ ಬೇಕು ಅಂತ ಇಂಜಿನಿಯರ್ ಗಿರಿರಾಜ್ ಅವರೇ ಹೇಳಿದರು. ಎರಡೂ ದಂಡೆಗೆ ಒಟ್ಟಿಗೆ ಕೆಲಸ ಶುರುವಾಗುವವರೆಗೆ ನಾವಿಬ್ಬರೂ ಒಪ್ಪುವುದು ಬೇಡ. ನಿಮಗೆ ಗೋಡೆ ಬೇಡ ಅನ್ನುವಷ್ಟು ಕೆಟ್ಟವಳಲ್ಲ ನಾನು. ನಮ್ಮನ್ನು ಮುಳುಗಿಸಿ ಕಟ್ಟಬೇಡಿ ಅನ್ನುತ್ತಿದ್ದೇನೆ, ಅಷ್ಟೇ.

ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡು. ಮಗ ಮೋಹನನ ಕೈಲಿ ಹೇಳಿ ಕಳಿಸಬೇಡ.

ನಿನ್ನ ತಂಗಿ,
ಮುನಿಲಕ್ಷ್ಮಮ್ಮ


ಹೊಳೆಯ ಆಚೆ
2 ಜುಲೈ 2025

ಲಕ್ಷ್ಮಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕೈ ನಡುಗುತ್ತದೆ, ಅಕ್ಷರ ಸೊಟ್ಟಗಾಗಿದೆ, ಹೇಗೋ ಓದಿಕೋ. ವೆಂಕಟರಮಣಪ್ಪ ಭಾವನ ಸಂಗತಿ ಓದಿ ಕರುಳು ಚುರ್ ಅಂದಿತು. ಆದರೆ ನಿನ್ನ ಕಷ್ಟ ಬರೆಯುವಾಗ ನನ್ನ ಕಷ್ಟ ನಿನಗೆ ಕಾಣಲೇ ಇಲ್ಲವಾ?

ನಮ್ಮ ನೆಲಮಹಡಿಗೂ ನೀರು ನುಗ್ಗಿತ್ತು. ಬಾಡಿಗೆಗಿದ್ದ ಬಾಣಂತಿ ಹಸುಗೂಸನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಇಂಥ ಮನೆ ಬಾಡಿಗೆಗೆ ಕೊಟ್ಟಿದ್ದೀರಲ್ಲ ಅಂತ ಅವಳ ಗಂಡ ಎಲ್ಲರೆದುರು ನನ್ನ ಮುಖಕ್ಕೆ ಹೇಳಿ ಹೋದ. ಅದೇನು ನಾವು ಈಜಾಡಿದ ಹೊಳೆಯಾ ಈಗ? ಊರಿನ ಕೊಳಚೆಯೆಲ್ಲ ನೊರೆ ಕಟ್ಟಿಕೊಂಡು ಬರುತ್ತದೆ. ಅದು ಮನೆ ಹೊಕ್ಕು ಹೋದ ಮೇಲೆ ತಿಂಗಳುಗಟ್ಟಲೆ ದೇವರ ಕೋಣೆಯಲ್ಲೂ ವಾಸನೆ. ನಿನ್ನ ಅತ್ತಿಗೆ ಮೂಗಿಗೆ ಸೆರಗು ಹಿಡಿದುಕೊಂಡು ದೀಪ ಹಚ್ಚುತ್ತಿದ್ದಳು.

ನಮ್ಮ ಮೋಹನ್ ಕುಮಾರ್ ಈ ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿ. ಆಫೀಸಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿ ಈ ಗೋಡೆ ತಂದಿದ್ದಾನೆ. ಆಗ ನಿಮ್ಮ ಕಡೆಯವರು ಎಲ್ಲಿದ್ದಿರಿ? ನಾವು ಬದುಕಿಕೊಳ್ಳುವ ಹೊತ್ತಿಗೆ ಕಾಲು ಎಳೆಯಲು ಬಂದಿರಾ? ಎರಡನೇ ಹಂತದಲ್ಲಿ ನಿಮ್ಮ ದಂಡೆಗೂ ಕಟ್ಟುತ್ತಾರಂತೆ. ಸ್ವಲ್ಪ ತಾಳ್ಮೆ ಇರಲಿ.

ಅಪ್ಪ ಹೋದ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ನೀನು ತುಟಿ ಬಿಚ್ಚದೆ ಸಹಿ ಹಾಕಿದೆ. ಓದಿ ನೋಡಮ್ಮ ಅಂತ ರಿಜಿಸ್ಟ್ರಾರ್ ಅಂದಾಗ "ನಮ್ಮಣ್ಣ ಓದವ್ನೆ, ಸಾಕು" ಅಂದವಳು ನೀನು. ಆ ಲಕ್ಷ್ಮಿ ಎಲ್ಲಿ ಹೋದಳು? ಅವತ್ತಿನಿಂದ ನಿನ್ನ ರೇಷನ್ ಕಾರ್ಡಿಗೆ, ಕರೆಂಟಿಗೆ, ಭಾವನ ಆಸ್ಪತ್ರೆಗೆ, ಯಾವ ಕಾಗದವಿದ್ದರೂ ಓಡಾಡಿದ್ದು ನಾನೇ ತಾನೇ? ಇದೊಂದಕ್ಕೆ ಸಹಿ ಹಾಕಿಬಿಡು. ತವರು ನಿನ್ನ ಕೈ ಬಿಡುವುದಿಲ್ಲ.

ನಿನ್ನ ಒಳ್ಳೆಯದನ್ನೇ ಬಯಸುವ
ರಾಮಯ್ಯ


12 ಜುಲೈ 2025

ಅಣ್ಣನಿಗೆ,

ಆ ಲಕ್ಷ್ಮಿ ಎಲ್ಲಿಗೂ ಹೋಗಿಲ್ಲ, ಇಲ್ಲೇ ಹೊಳೆಯಂಚಿನಲ್ಲಿ ಸಗಣಿ ಬಾಚಿಕೊಂಡಿದ್ದಾಳೆ. ಅವತ್ತು ಜಮೀನನ್ನೆಲ್ಲ ನಿನಗೆ ಬಿಟ್ಟುಕೊಟ್ಟದ್ದು ತವರಿನ ಅರಿಶಿನ ಕುಂಕುಮ ತಪ್ಪದಿರಲಿ ಅಂತ. ನಮ್ಮಲ್ಲಿ ಹೆಣ್ಣುಮಕ್ಕಳು ಮಾಡುವುದೇ ಹಾಗೆ, ಪಾಲು ಕೇಳಿದವಳಿಗೆ ತವರಿಲ್ಲ. ಆ ಬಗ್ಗೆ ಇವತ್ತಿನವರೆಗೆ ಒಂದು ಮಾತು ಎತ್ತಿದವಳಲ್ಲ. ಆದರೆ ಭೂಮಿ ಬಿಟ್ಟುಕೊಟ್ಟವಳು ಗಂಡನನ್ನೂ ಬಿಟ್ಟುಕೊಡಬೇಕಾ?

ಎರಡನೇ ಹಂತ ಅಂದೆಯಲ್ಲ, ಹಾಲು ಹಾಕಿ ಬರುವಾಗ ಗಿರಿರಾಜ್ ಅವರನ್ನು ತಡೆದು ಕೇಳಿದೆ. ನನ್ನ ಮಗಳು ಚೈತ್ರಳ ವಯಸ್ಸಿನವರು, ಸುಳ್ಳು ಹೇಳುವುದನ್ನು ಇನ್ನೂ ಕಲಿತಿಲ್ಲ. "ಆಂಟಿ, ಸೆಕೆಂಡ್ ಫೇಸ್ ಅಂತ ಎಲ್ರೂ ಹೇಳ್ತಾರೆ. ಅದ್ರ ಡ್ರಾಯಿಂಗ್ ನಾನಂತೂ ನೋಡಿಲ್ಲ" ಅಂದರು. ಯಾಕೆ ಒಂದೇ ಕಡೆ ಅಂತ ಬಿಡದೆ ಕೇಳಿದೆ. ನಿಮ್ಮ ಕಡೆ ಕಟ್ಟಡಗಳಿವೆ, ನೀರು ಬಂದರೆ ನಷ್ಟ ಜಾಸ್ತಿ. ನಮ್ಮ ಕಡೆ ಕೊಟ್ಟಿಗೆ, ಶೀಟಿನ ಮನೆಗಳು, ನಷ್ಟ ಕಡಿಮೆ. ಹಾಗಂತ ಆಫೀಸಿನಲ್ಲಿ ಕೂತು ಯಾರೋ ತೀರ್ಮಾನ ಮಾಡಿದ್ದಾರಂತೆ. ನಿನ್ನ ಭಾವ ಅವರಿಗೆ ಕಡಿಮೆ ನಷ್ಟ.

ಇದನ್ನು ಓದಿದ ಮೇಲೂ ಸಹಿ ಹಾಕು ಅನ್ನುವುದಾದರೆ, ಬಂದು ಅವರ ಮಂಚದ ಪಕ್ಕ ನಿಂತುಕೊಂಡು ಹೇಳು.

ಮುನಿಲಕ್ಷ್ಮಮ್ಮ


27 ಆಗಸ್ಟ್ 2025, ಗಣೇಶನ ಹಬ್ಬ

ಅಣ್ಣ,

ನೀನು ಬರಲಿಲ್ಲ. ನಿನ್ನೆ ಗೌರಿ ಹಬ್ಬಕ್ಕೆ ಮೋಹನನೂ ಅವನ ಹೆಂಡತಿಯೂ ಬಾಗಿನ ತಂದರು. ಇಷ್ಟೆಲ್ಲ ಆದ ಮೇಲೂ ಬಾಗಿನ ಕಳಿಸಿದ್ದೀಯಲ್ಲ ಅಂತ ನಾನು ಹುಚ್ಚಿ ಹಿಗ್ಗಿಹೋದೆ. ಬೆಳಗ್ಗೆಯೇ ಹೊಸಿಲು ತೊಳೆದು ರಂಗೋಲಿ ಹಾಕಿದ್ದೆ. ಅವರನ್ನು ಕೂರಿಸಿ ಕಾಯೊಬ್ಬಟ್ಟು ಬಡಿಸಿದೆ. ನಿನ್ನ ಭಾವನನ್ನೂ ದಿಂಬಿಗೆ ಒರಗಿಸಿ ಕೂರಿಸಿದ್ದೆ, ನೋಡಲಿ ಅಂತ.

ಮೊರ ತೆಗೆದೆ. ಬಳೆ, ಬಿಚ್ಚೋಲೆ, ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ, ಅಕ್ಕಿ ಬೇಳೆ, ಎಲ್ಲ ಅಮ್ಮ ಜೋಡಿಸುತ್ತಿದ್ದ ಹಾಗೇ ಇತ್ತು. ಅಕ್ಕಿ ಪೊಟ್ಟಣದ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಒಪ್ಪಿಗೆ ಪತ್ರ ಮಡಚಿ ಇಟ್ಟಿತ್ತು. ನಾನು ಅದನ್ನು ನೋಡುತ್ತಿದ್ದ ಹಾಗೇ ಮೋಹನ ಜೇಬಿನಿಂದ ಇಂಕ್ ಪ್ಯಾಡ್ ತೆಗೆದ. "ಅತ್ತೆ, ಒಳ್ಳೇ ದಿನ. ಒಂದು ಹೆಬ್ಬೆಟ್ಟು ಒತ್ಬಿಡಿ, ಆಗೋಯ್ತು" ಅಂದ.

ಬಾಗಿನ ಕೊಡುವುದು ಯಾತಕ್ಕೆ? ಮುತ್ತೈದೆಯಾಗಿ ನೂರ್ಕಾಲ ಬಾಳು ಅಂತ. ಮೇಲೆ ಅರಿಶಿನ ಕುಂಕುಮ, ಕೆಳಗೆ ಅದೇ ಗಂಡನನ್ನು ನೀರಿಗೆ ಬಿಡುವ ಕಾಗದ. ಥೂ. ಶತ್ರುಗಳೂ ಹಬ್ಬದ ದಿನ ಇಂಥದ್ದು ಮಾಡುವುದಿಲ್ಲ. ಅದರ ಮೇಲೆ ಹೆಬ್ಬೆಟ್ಟು ಬೇರೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು ಅಂತ ಆ ಹುಡುಗನಿಗೆ ಗೊತ್ತಿಲ್ಲವಾ, ಅಥವಾ ಹಸು ಕಟ್ಟಿಕೊಂಡ ಹೆಂಗಸಿಗೆ ಹೆಬ್ಬೆಟ್ಟೇ ಸಾಕು ಅಂದುಕೊಂಡನಾ?

ಮೊರ ಮುಚ್ಚಿ ಅವನ ಹೆಂಡತಿಯ ಕೈಗೆ ಹಿಂದಕ್ಕೆ ಕೊಟ್ಟೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ತವರಿನ ಬಾಗಿನ ಹಿಂದಿರುಗಿಸಿದವಳು ನಮ್ಮ ವಂಶದಲ್ಲಿ ನಾನೇ ಮೊದಲಿರಬೇಕು. ಅವರು ಹೋದ ಮೇಲೆ ಕೊಟ್ಟಿಗೆಯಲ್ಲಿ ಕೂತು ಅತ್ತೆ.

ಕಾಗದ ಬಾಗಿನದೊಳಗೆ ಇಟ್ಟದ್ದು ನಿನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಅಂತ ಒಂದು ಸಾಲು ಬರೆ. ನಂಬುತ್ತೇನೆ.

ಲಕ್ಷ್ಮಿ


4 ಸೆಪ್ಟೆಂಬರ್ 2025

ಶ್ರೀಮತಿ ಮುನಿಲಕ್ಷ್ಮಮ್ಮನವರಿಗೆ,

ಬಾಗಿನ ಹಿಂದಿರುಗಿ ಬಂದದ್ದನ್ನು ನಮ್ಮ ಬೀದಿಗೆ ಬೀದಿಯೇ ನೋಡಿತು. ನಿಮ್ಮ ಅತ್ತಿಗೆ ಹಬ್ಬದ ದಿನ ಅನ್ನ ಮುಟ್ಟಲಿಲ್ಲ. ಕಾಗದದ ವಿಷಯ ಏನಿದ್ದರೂ ಮೋಹನನನ್ನು ಕೇಳಿಕೊಳ್ಳಿ. ಗೌರಿಗೆ ಅವಮಾನ ಮಾಡಿದವರ ಜೊತೆ ನನಗೆ ಮಾತಿಲ್ಲ. ಇನ್ನು ಮುಂದೆ ಪತ್ರವನ್ನೂ ಬರೆಯಬೇಡಿ.

ರಾಮಯ್ಯ


20 ಸೆಪ್ಟೆಂಬರ್ 2025

ಅಣ್ಣ,

ನೀವು ಅಂತ ಬರೆದಿದ್ದೀಯ. ಅರವತ್ತು ದಾಟಿದ ಮೇಲೆ ನಿನ್ನ ಬಾಯಲ್ಲಿ ಮರ್ಯಾದೆ ಸಿಕ್ಕಿತು, ಸಂತೋಷ. ಬರೆಯಬೇಡಿ ಅಂದರೂ ಬರೆಯುತ್ತೇನೆ, ಯಾಕೆಂದರೆ ಈಗ ಆಗಿರುವುದು ಬಾಯಿ ಮುಚ್ಚಿಕೊಂಡಿರುವ ಸಂಗತಿಯಲ್ಲ.

ಸೋಮವಾರ ಅಪ್ಪನ ಜಾಗಕ್ಕೆ ಜೆಸಿಬಿ ಬಂತು. ಹುಣಸೆಮರ ಉರುಳಿಸಿದರು. ನಾನು ಸುತ್ತಿಕೊಂಡು ಸೇತುವೆ ದಾಟಿ ಓಡಿ ಬರುವಷ್ಟರಲ್ಲಿ ಪಾಯ ಅಗೆಯುತ್ತಿದ್ದರು. ಯಾರನ್ನು ಕೇಳಿ ಕೈ ಹಾಕಿದಿರಿ ಅಂತ ಕೂಗಾಡಿದೆ. ಇಬ್ಬರ ಒಪ್ಪಿಗೆಯೂ ಫೈಲಿನಲ್ಲಿದೆ ಅಂತ ಗಿರಿರಾಜ್ ಹೇಳಿದರು. ತೋರಿಸಿ ಅಂದೆ. ನನ್ನ ಹೆಸರು ಟೈಪು ಮಾಡಿ, ಅದರ ಮೇಲೆ ನೇರಳೆ ಬಣ್ಣದ ಒಂದು ಹೆಬ್ಬೆಟ್ಟು ಒತ್ತಿತ್ತು.

ಅಲ್ಲೇ ಅವರ ಪೆನ್ನು ಇಸಿದುಕೊಂಡು ಅವರ ಅಂಗೈ ಮೇಲೆ ನನ್ನ ಸಹಿ ಹಾಕಿ ತೋರಿಸಿದೆ. ಆ ಹುಡುಗನ ಮುಖ ಬಿಳಿಚಿಕೊಂಡಿತು. ದೊಡ್ಡ ಇಂಜಿನಿಯರಿಗೆ ತಿಳಿಸಿ 29ರಂದು ಅವರ ಆಫೀಸಿನಲ್ಲಿ ವಿಚಾರಣೆ ಇಟ್ಟಿದ್ದಾರೆ. ಅವತ್ತೇ ನಿನ್ನ ಭಾವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಬೇರೆ ದಿನ ಇಡಿ ಅಂದರೆ ಆಗುವುದಿಲ್ಲವಂತೆ, ನಾನು ಬರದಿದ್ದರೂ ನಡೆಯುತ್ತದಂತೆ. ಮುಳುಗುವವಳು ನಾನು, ನನ್ನನ್ನು ಬಿಟ್ಟು ಎಲ್ಲರೂ ಕೂತು ತೀರ್ಮಾನ ಮಾಡುತ್ತಾರೆ.

ಯಾರ ಹೆಬ್ಬೆಟ್ಟು ಅಣ್ಣ ಅದು?

ಮುನಿಲಕ್ಷ್ಮಮ್ಮ


30 ಸೆಪ್ಟೆಂಬರ್ 2025

ಅತ್ತೆಗೆ,

ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಹಾಗಾಗಿ ನಾನೂ ಈ ಕಾಗದದ ಆಟಕ್ಕೆ ಇಳಿಯಬೇಕಾಗಿದೆ. ನಿಮಗೆ ಖುಷಿಯಾಗುವ ಸುದ್ದಿ ಇದೆ, ಓದಿ.

ನಿನ್ನೆ ವಿಚಾರಣೆಗೆ ದೊಡ್ಡ ಇಂಜಿನಿಯರ್, ಗಿರಿರಾಜ್, ಸಂಘದವರು ಮತ್ತು ನಾನು ಇದ್ದೆವು. ಅತ್ತೆಯೇ ಹಬ್ಬದ ದಿನ ಒತ್ತಿಕೊಟ್ಟರು, ಆಮೇಲೆ ಯಾರೋ ಅವರ ತಲೆ ಕೆಡಿಸಿದ್ದಾರೆ ಅಂತ ಹೇಳಿದೆ. ಅವರು ಬರೆದುಕೊಂಡು ಮುಗಿಸುತ್ತಿದ್ದರು. ಅಷ್ಟರಲ್ಲಿ ಅಪ್ಪ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಕೋಲು ಹಿಡಿದುಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಮೇಜಿನ ಮೇಲಿದ್ದ ಇಂಕ್ ಪ್ಯಾಡನ್ನು ಎಳೆದುಕೊಂಡು, ಹೆಬ್ಬೆರಳು ಅದ್ದಿ ಬಿಳಿ ಹಾಳೆಯ ಮೇಲೆ ಒತ್ತಿ ಸಾಹೇಬರ ಮುಂದೆ ತಳ್ಳಿದರು.

"ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಸಾರ್. ನನ್ ತಂಗಿ ಹೆಬ್ಬೆಟ್ಟಲ್ಲ, ಓದಿದೋಳು" ಅಂದರು.

ಹಾಗಾದರೆ ನಿಮ್ಮ ಮೇಲೇ ಕೇಸಾಗುತ್ತದೆ ಅಂತ ಸಾಹೇಬರು ಹೇಳಿದರು. ಆಗಲಿ ಅಂದುಬಿಟ್ಟರು ಅಪ್ಪ. ಇಡೀ ಸಂಘದ ಮುಂದೆ ನನ್ನ ಮಾನ ಹೋಯಿತು.

ನಾನೇನು ನನ್ನೊಬ್ಬನಿಗಾಗಿ ಮಾಡಿದೆನಾ? ಇಷ್ಟು ಮನೆಗಳ ಜನ ಪ್ರತಿ ಮಳೆಗೂ ಕಾರು, ಫ್ರಿಜ್ಜು, ಹಾಸಿಗೆ ಎತ್ತಿಡುತ್ತಾ ಎಷ್ಟು ವರ್ಷ ಬದುಕಬೇಕು? ಈಗ ಕೆಲಸ ನಿಂತಿದೆ. ಮರ ಇದ್ದ ಜಾಗದಲ್ಲಿ ಗೋಡೆ ಬಾಯಿ ಬಿಟ್ಟುಕೊಂಡಿದೆ. ಹಿಂಗಾರು ಜೋರಾದರೆ ನೀರು ಅಲ್ಲಿಂದಲೇ ನಮ್ಮ ಮನೆಗೆ ನುಗ್ಗುತ್ತದೆ. ಬಾಡಿಗೆಯವರಿಗೆ ಉತ್ತರ ಕೊಡುವವರು ಯಾರು, ನೀವಾ? ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ನಾನು ಕೊಟ್ಟ ಕಾಫಿ ಮುಟ್ಟುತ್ತಿಲ್ಲ. ತೃಪ್ತಿಯಾಯಿತಾ ಅತ್ತೆ?

ಮೋಹನ್ ಕುಮಾರ್


6 ಅಕ್ಟೋಬರ್ 2025

ಅಣ್ಣ,

ಮೋಹನನ ಕಾಗದ ಓದಿದೆ. ನಿನ್ನ ಮೇಲೆ ಬಂದ ಸಿಟ್ಟಿಗೆ ಹಾಲಿನ ಕ್ಯಾನನ್ನು ಅಂಗಳಕ್ಕೆ ಎಸೆದೆ. ನನ್ನ ಗಂಡನನ್ನು ಮುಳುಗಿಸಲು ಬೆರಳು ಒತ್ತಿದವನೂ ನೀನು, ಆ ಬೆರಳನ್ನು ಎತ್ತಿ ತೋರಿಸಿದವನೂ ನೀನು. ಯಾವುದನ್ನು ಹಿಡಿದುಕೊಂಡು ನಿನ್ನನ್ನು ಬೈಯಲಿ?

ಇವತ್ತು ದೊಡ್ಡ ಇಂಜಿನಿಯರ್ ಕರೆಸಿದ್ದರು. ಅವರ ದೊಡ್ಡತನ ಕೇಳು. ನಿನ್ನ ಬಾಯಿಮಾತೂ ಅವರೆದುರು ಒತ್ತಿದ ಹೆಬ್ಬೆಟ್ಟೂ ಅವರಿಗೆ ಸಾಲದಂತೆ. ನನ್ನ ಒಪ್ಪಿಗೆ ಸುಳ್ಳು ಅನ್ನುವುದಾದರೆ ಠಾಣೆಗೆ ಹೋಗಿ ನಾನು ನಿನ್ನ ಮೇಲೆ ದೂರು ಬರೆದುಕೊಡಬೇಕಂತೆ. ಕೊಟ್ಟರೆ ಫೈಲು ವಾಪಸು ಹೋಗುತ್ತದೆ, ಎರಡೂ ದಂಡೆಗೆ ಹೊಸ ನಕ್ಷೆ ಆಗಬೇಕಾಗುತ್ತದೆ. ಕೊಡದಿದ್ದರೆ ಹಳೆಯ ಒಪ್ಪಿಗೆಯೇ ಸರಿ ಅಂತ ಮುಂದಿನ ವಾರ ಪಾಯಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಇದು ನಿಮ್ಮ ಮನೆ ಜಗಳ, ಇದರಿಂದ ಸರ್ಕಾರಿ ಕೆಲಸ ಕೆಟ್ಟಿತು ಅಂತ ನನಗೇ ಬುದ್ಧಿ ಹೇಳಿದರು. ಒಂದೇ ದಂಡೆಗೆ ಗೆರೆ ಎಳೆದವರು ಅವರು. ಜಗಳ ಮಾತ್ರ ನಮ್ಮದಂತೆ.

ಎಪ್ಪತ್ತು ದಾಟಿದವನನ್ನು ಕೋರ್ಟು ಮೆಟ್ಟಿಲು ಹತ್ತಿಸಬೇಕು, ಇಲ್ಲವೇ ಮಲಗಿದವರನ್ನು ನೀರಿಗೆ ಬಿಡಬೇಕು. ನನಗೆ ಊಟ ಸೇರುತ್ತಿಲ್ಲ. ಯಾಕೆ ಒತ್ತಿದೆ ಅಣ್ಣ? ಅದನ್ನಾದರೂ ಹೇಳು.

ಲಕ್ಷ್ಮಿ


9 ಅಕ್ಟೋಬರ್ 2025

ಲಕ್ಷ್ಮಿ,

ಬಾಗಿನದೊಳಗೆ ಕಾಗದ ಇಟ್ಟದ್ದು ನನಗೆ ಗೊತ್ತಿತ್ತು. ನೋಡಿಯೂ ನೋಡದ ಹಾಗೆ ಕೂತಿದ್ದೆ. ಅದು ವಾಪಸು ಬಂದಾಗ ಮೈಯೆಲ್ಲ ಉರಿಯಿತು. ಮೋಹನ ಆ ಹಾಳೆಯನ್ನು ಮುಂದಿಟ್ಟು, ನೀವು ಹಿರಿಯರು, ಅತ್ತೆಗೆ ಇಷ್ಟು ವರ್ಷ ಎಲ್ಲ ಮಾಡಿದವರು ನೀವೇ ತಾನೇ ಅಂದ. ಹೌದಲ್ಲ ಅನ್ನಿಸಿತು. ಮೊದಲು ನಿನ್ನ ಸಹಿಯನ್ನೇ ಹಾಕಲು ನೋಡಿದೆ. ಕೈಗೆ ಬರಲಿಲ್ಲ. ಅದಕ್ಕೇ ಹೆಬ್ಬೆಟ್ಟು. ನಿನ್ನ ಕಾಗದಗಳಿಗೆಲ್ಲ ಓಡಾಡಿ ಓಡಾಡಿ, ನನ್ನ ಬೆರಳು ಒತ್ತಿದರೆ ನೀನು ಒತ್ತಿದ ಹಾಗೆಯೇ ಅಂದುಕೊಳ್ಳುವಷ್ಟು ನನ್ನ ತಲೆ ಕೆಟ್ಟಿತ್ತು. ಯಾರ ಹೆಬ್ಬೆಟ್ಟು ಅಂತ ನೀನು ಕೇಳಿದ ಮೇಲೆ ಆ ಬೆರಳಿನಿಂದ ತುತ್ತು ಎತ್ತಲು ಆಗಲಿಲ್ಲ.

ಈಗ ಅಣ್ಣನಾಗಿ ಹೇಳುತ್ತಿದ್ದೇನೆ, ಹೋಗಿ ಬರೆದುಕೊಡು. ನನಗಾಗಿ ಹಿಂದೆಮುಂದೆ ನೋಡಬೇಡ. ನೀನು ಬರೆಯದಿದ್ದರೆ ನಾನು ಅಲ್ಲಿ ಎಲ್ಲರೆದುರು ಬೆರಳು ಅದ್ದಿದ್ದು ಸುಮ್ಮನೆ ಆಗುತ್ತದೆ. ಭಾವ ಮುಳುಗಿದರೆ ನಾನು ಯಾವ ಮುಖ ಇಟ್ಟುಕೊಂಡು ಬದುಕಲಿ?

ಒಂದೇ ಬೇಡಿಕೆ. ಮೋಹನನ ಹೆಸರು ಬೇಡ. ಚಿಕ್ಕ ಮಕ್ಕಳಿದ್ದಾರೆ ಅವನಿಗೆ. ಬೆರಳು ನನ್ನದು, ನನ್ನ ಹೆಸರೊಂದೇ ಇರಲಿ.

ರಾಮಯ್ಯ


13 ಅಕ್ಟೋಬರ್ 2025

ಅಣ್ಣ,

ಬರೆದುಕೊಟ್ಟು ಬಂದೆ. ಚೈತ್ರ ಗೋವಿಂದರಾಜನಗರದಿಂದ ರಜೆ ಹಾಕಿ ಬಂದು ಜೊತೆಗೆ ನಿಂತಳು. ಮೋಹನನ ಹೆಸರನ್ನೂ ಬರೆದಿದ್ದೇನೆ. ಬೇಡ ಅಂತ ನೀನು ಕೇಳಿಕೊಂಡಿದ್ದೆ, ನನ್ನಿಂದ ಆಗಲಿಲ್ಲ. ಮುದುಕನನ್ನು ಮುಂದೆ ತಳ್ಳಿ ಅವನು ಹಿಂದೆ ನಿಲ್ಲುವುದನ್ನು ನಾನು ಸಹಿಸುವುದಿಲ್ಲ. ನಿನಗೆ ಸಿಟ್ಟು ಬಂದರೆ ಬರಲಿ.

ದೂರಿನ ನಕಲನ್ನು ಗಿರಿರಾಜ್ ಅವರ ಕೈಗೆ ಕೊಟ್ಟೆ. ಎರಡೂ ದಂಡೆಯ ನಕ್ಷೆ ಬರುವವರೆಗೆ ಅಲ್ಲಿ ಒಂದು ಬಾಣಲಿ ಕಾಂಕ್ರೀಟೂ ಬೀಳುವುದಿಲ್ಲ ಅಂದರು. ಆ ಆಫೀಸನ್ನು ಪೂರ್ತಿ ನಂಬಿದೆ ಅಂತ ಹೇಳಲಾರೆ. ಇವತ್ತಂತೂ ಜೆಸಿಬಿ ಅಪ್ಪನ ಜಾಗ ಬಿಟ್ಟು ಹೋಯಿತು.

ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದ ಪೊಲೀಸಿನವರು ನಿನ್ನ ಹೆಸರು ಬಂದ ಕಡೆ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಒಡಹುಟ್ಟಿದ ಅಣ್ಣನ ಮೇಲೆ ದೂರು ಕೊಡೋಕೆ ಮನಸ್ಸಾದ್ರೂ ಹೆಂಗ್ ಬರುತ್ತಮ್ಮ ನಿಮಗೆ?" ಅಂದರು. ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಬರ್ಕೊಡು ಅಂತ ಹೇಳಿದೋನೂ ಅವನೇ ಸಾರ್. ನೀವು ಬರ್ಕೊಳ್ಳಿ" ಅಂದೆ.

ನಿನ್ನ ತಂಗಿ,
ಮುನಿಲಕ್ಷ್ಮಮ್ಮ